ಒಂದೇ ಖಾನೆಯ ಒಪ್ಪಿಗೆ ಪತ್ರ

ಪಠ್ಯ ಚಟುವಟಿಕೆ ವಿಭಾಗದ ನಿರ್ದೇಶಕರ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನನ್ನ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ತನ್ನ ಜಾಗ ಬರೆದುಕೊಡಲು ಒಪ್ಪುತ್ತಿಲ್ಲ. ಜಾಗವೆಂದರೆ ತರಗತಿಯ ಹಿಂದಿನ ನಾಲ್ಕು ಬೆಂಚು, ಒಂದು ಕಿಟಕಿ. ಅವಳು ಒಪ್ಪದ ಕಾರಣಕ್ಕೆ ಮೂರು ವಾರದಿಂದ ನಾವೆಲ್ಲ ನಾನೂರು ವರ್ಷ ಹಿಂದಿನ ಒಂದು ಕೋಟೆಯಲ್ಲಿ ಸಿಕ್ಕಿಬಿದ್ದಿದ್ದೇವೆ. ಶುಕ್ರವಾರದೊಳಗೆ ಅವಳ ಹೆಸರಿನ ಮುಂದೆ ‘ಅಸಹಕಾರ’ ಎಂದು ನಮೂದಿಸಿ ಕಳಿಸಬೇಕೆಂದು ನಿಮ್ಮ ಕಚೇರಿ ನನಗೆ ಆದೇಶಿಸಿದೆ. ಆ ಪದ ಒಮ್ಮೆ ಅವಳ ದಾಖಲೆಗೆ ಅಂಟಿಕೊಂಡರೆ ಚಟುವಟಿಕೆಯ ಅಂಕ ಸೊನ್ನೆ, ಅವಳು ಇದೇ ತರಗತಿಯಲ್ಲಿ ಇನ್ನೊಂದು ವರ್ಷ. ನಿಮಗೆ ನೇರವಾಗಿ ಬರೆದ ಪತ್ರಗಳು ಎಲ್ಲಿ ಹೋದವೋ ತಿಳಿಯದು. ಅದಕ್ಕೇ ಈ ಪತ್ರವನ್ನು ನಾಲ್ಕು ಜನ ಓದುವ ಜಾಗದಲ್ಲಿ ಇಡುತ್ತಿದ್ದೇನೆ.

ನಾಲ್ಕು ಜನಕ್ಕೆ ವಿಷಯ ಗೊತ್ತಿರಲಾರದು, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಇಂಗ್ಲಿಷರು ಹಡಗು ಹತ್ತಿ ಸಮುದ್ರ ದಾಟಿ, ಹೊಸ ಖಂಡವೆಂದು ತಾವೇ ಕರೆದುಕೊಂಡ ಬೇರೆಯವರ ನೆಲದಲ್ಲಿ ಮರದ ಕೋಟೆ ಕಟ್ಟಿ ಕೂತ ಮೊದಲ ವರ್ಷಗಳ ಪಾಠವನ್ನು ನಾನು ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದೆ. ಇಸವಿಗಳನ್ನು ಬಾಯಿಪಾಠ ಮಾಡಿಸುತ್ತೇನೆಂದು ಮಕ್ಕಳು ನನಗೆ ‘ಇಸವಿ ಟೀಚರ್’ ಎಂದು ಹೆಸರಿಟ್ಟಿದ್ದಾರೆ. ಈ ವರ್ಷ ತಾವು ಪುಸ್ತಕ ಪಕ್ಕಕ್ಕಿಡಿ ಎಂದಿರಿ. ಪಾತ್ರಾಭಿನಯದ ಪೆಟ್ಟಿಗೆ ಬಂತು. ಅದರಲ್ಲಿ ಪಾತ್ರದ ಚೀಟಿಗಳು, ರಟ್ಟಿನ ಟೋಪಿಗಳು, ಒಂದು ಡಬ್ಬಿ ಬಣ್ಣದ ಮಣಿ, ಹನ್ನೆರಡು ಹಂತಗಳ ಕೈಪಿಡಿ. ಪ್ರತಿ ಹಂತ ಮುಗಿದಾಗಲೂ ಫೋಟೋ ತೆಗೆದು ಪೋರ್ಟಲಿಗೆ ಏರಿಸಬೇಕು, ಆಗಲೇ ಮುಂದಿನ ಹಂತ ತೆರೆದುಕೊಳ್ಳುವುದು. ಕೈಪಿಡಿಯ ರಕ್ಷಾಪುಟದ ಮೇಲೆ ದಪ್ಪ ಅಕ್ಷರದಲ್ಲಿ ‘ಇತಿಹಾಸವನ್ನು ಮಕ್ಕಳೇ ನಿರ್ಧರಿಸಲಿ’ ಎಂದಿದೆ. ಅದನ್ನು ಓದಿ ನಾನು ನಿಜಕ್ಕೂ ಹಿಗ್ಗಿದೆ. ನನ್ನ ಪೆದ್ದುತನ ಅಲ್ಲಿಂದಲೇ ಶುರುವಾಯಿತು.

ಎರಡನೇ ಹಂತದಲ್ಲಿ ಕೋಟೆ ಕಟ್ಟಿದೆವು. ಮುಂದಿನ ಬೆಂಚುಗಳನ್ನು ಮುಕ್ಕೋನವಾಗಿ ಜೋಡಿಸಿ, ಸುತ್ತ ರಟ್ಟಿನ ಗೋಡೆ ನಿಲ್ಲಿಸಿ, ಒಳಗೆ ಇಪ್ಪತ್ಮೂರು ಮಂದಿ ವಲಸಿಗರನ್ನು ಕೂರಿಸಿದೆವು. ಹಿಂದಿನ ನಾಲ್ಕು ಬೆಂಚುಗಳಲ್ಲಿ ಹನ್ನೊಂದು ಮಂದಿ ಮೂಲನಿವಾಸಿಗಳು. ಚಟುವಟಿಕೆ ಮುಗಿಯುವವರೆಗೆ ಕೋಟೆ ಕದಲಿಸಬಾರದೆಂಬುದು ನಿಮ್ಮ ನಿಯಮ. ಹಾಗಾಗಿ ಲೆಕ್ಕದ ಮೇಷ್ಟ್ರು ಮೂರು ವಾರದಿಂದ ಪಂಚೆ ಎತ್ತಿ ಕಟ್ಟಿ ಕೋಟೆ ಗೋಡೆ ದಾಟಿ ಬಂದು ಬೀಜಗಣಿತ ಹೇಳಿಕೊಡುತ್ತಿದ್ದಾರೆ. ವಿಜ್ಞಾನದ ಟೀಚರ್ ಬಾಗಿಲಲ್ಲೇ ನಿಂತು ಪಾಠ ಮುಗಿಸುತ್ತಾರೆ. ನನಗೆ ಕೈಪಿಡಿ ಕೊಟ್ಟಿರುವುದು ಗವರ್ನರ್ ಪಾತ್ರ. ನನ್ನ ಕುರ್ಚಿ ಕೋಟೆಯ ಮೂಲೆಯಲ್ಲಿದೆ, ಹಿಂದೆ ಗೋಡೆ, ಮುಂದೆ ಬೆಂಚು. ಎದ್ದು ಬೋರ್ಡಿಗೆ ಹೋಗಬೇಕಾದರೆ ಆರು ಮಕ್ಕಳನ್ನು ಎಬ್ಬಿಸಬೇಕು. ಬೋರ್ಡಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಈಗ ಹುಡುಗಿಯ ವಿಷಯ. ಅವಳನ್ನು ತರಗತಿಯಲ್ಲಿ ಎಲ್ಲರೂ ‘ಹೂಂ’ ಎಂದು ಕರೆಯುತ್ತಾರೆ. ಮೂರು ವರ್ಷದಲ್ಲಿ ಅವಳ ಬಾಯಿಂದ ಬೇರೆ ಮಾತು ನಾನು ಕೇಳಿರಲಿಲ್ಲ. ಯಾರಾದರೂ ‘ನನ್ನ ಬ್ಯಾಗ್ ಹಿಡ್ಕೊ’ ಎಂದರೆ ಹೂಂ. ‘ನನ್ನ ಸರದಿ ಕಸ ನೀನೇ ಗುಡಿಸು’ ಎಂದರೆ ಹೂಂ. ಅರ್ಥವಾಯಿತಾ ಎಂದು ನಾನು ಕೇಳಿದರೂ ಹೂಂ, ಆಮೇಲೆ ಉತ್ತರಪತ್ರಿಕೆ ಖಾಲಿ. ಪಾತ್ರ ಹಂಚುವ ದಿನ ಎಲ್ಲರಿಗೂ ಹಡಗಿನ ಕಪ್ತಾನನೇ ಬೇಕಿತ್ತು, ಮೂಲನಿವಾಸಿಗಳ ಮುಖಂಡನ ಚೀಟಿಯನ್ನು ಮುಟ್ಟುವವರಿಲ್ಲ. ಅದರಲ್ಲಿ ಬರೆದಿದ್ದು ಒಂದೇ ಸಾಲು: ‘ನಿಮ್ಮ ಮಾತು: ಒಪ್ಪಿಗೆ.’ ಹಿಂದುಮುಂದು ನೋಡದೆ ನಾನು ಅದನ್ನು ಹೂಂ ಕೈಗೆ ಕೊಟ್ಟೆ. ಯಾವುದಕ್ಕೂ ಇಲ್ಲವೆನ್ನದ ಮಗು, ಕೆಲಸ ಸಲೀಸು ಎಂದುಕೊಂಡೆ. ಈ ತಪ್ಪು ನನ್ನದು, ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಚೀಟಿ ಅಚ್ಚು ಹಾಕಿಸಿದವರೂ ಇಂಥದ್ದೇ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೇ ಎಂಬ ಅನುಮಾನ ನನಗೆ ಈಗೀಗ ಬರುತ್ತಿದೆ.

ಐದನೇ ಹಂತ, ಒಪ್ಪಿಗೆ ಪತ್ರ. ‘ನದಿಯಿಂದ ಕಾಡಿನವರೆಗಿನ ಭೂಮಿಯನ್ನು ಒಂದು ತಾಮ್ರದ ಪಾತ್ರೆ ಮತ್ತು ಮಣಿಗಳಿಗೆ ಬದಲಾಗಿ ಸಂತೋಷದಿಂದ ಬಿಟ್ಟುಕೊಡುತ್ತೇವೆ.’ ಕೆಳಗೆ ಒಂದು ಖಾನೆ, ಅದರ ಪಕ್ಕದಲ್ಲಿ ‘ಒಪ್ಪಿದ್ದೇವೆ’. ಮೊದಲ ಬೆಂಚಿನ ಜಾಣ ಹುಡುಗ, ನಮ್ಮ ಕಪ್ತಾನ, ಮಣಿಯ ಡಬ್ಬಿ ಹಿಡಿದು ಹಿಂದಕ್ಕೆ ಹೋದ. ಹೂಂ ಪತ್ರವನ್ನು ಎರಡು ಸಲ ಓದಿದಳು. ಆಮೇಲೆ ಎದ್ದು ನಿಂತಳು.

“ಟೀಚರ್, ಬಿಟ್ಟುಕೊಟ್ಟ ಮೇಲೆ ನಾವೆಲ್ಲಿ ಕೂರೋದು?”

ನಾನು ಕೈಪಿಡಿ ತಿರುವಿದೆ. ಆರನೇ ಹಂತದಿಂದ ಮೂಲನಿವಾಸಿ ತಂಡ ಗೋಡೆಗೆ ಒರಗಿ ನಿಂತು ‘ವೀಕ್ಷಕರಾಗಿ’ ಮುಂದುವರಿಯುವುದು ಎಂದಿತ್ತು. ಓದಿ ಹೇಳಿದೆ.

“ಪರೀಕ್ಷೆವರೆಗೂ ನಿಂತೇ ಇರಬೇಕಾ?”

“ಏಯ್, ಸುಮ್ನೆ ಸೈನ್ ಹಾಕೇ. ಆಟ ತಾನೆ,” ಎಂದ ಕಪ್ತಾನ.

“ಜೋಳ ಬೇಕಾದ್ರೆ ಕೊಡ್ತೀವಿ,” ಎಂದಳು ಹೂಂ. “ಇರೋಕೆ ಬೇಕಾದ್ರೆ ಇರ್ಲಿ, ಯಾರು ಬೇಡ ಅಂದ್ರು? ಬರೆದು ಯಾಕೆ ಕೊಡ್ಬೇಕು? ಮಣಿ ವಾಪಸ್ ತಗೋ.”

ನನ್ನ ತಲೆಯ ಮೇಲೆ ರಟ್ಟಿನ ಟೋಪಿ ಹಾಗೇ ಇತ್ತು. ಸ್ವಾಮಿ, ಮೂಲನಿವಾಸಿಗಳು ಕೊಟ್ಟ ಮುಸುಕಿನ ಜೋಳದಿಂದಲೇ ಕೋಟೆಯೊಳಗಿನವರು ಹಸಿವಿನ ದಿನಗಳಲ್ಲಿ ಜೀವ ಉಳಿಸಿಕೊಂಡರು ಎಂಬುದನ್ನು ಎಷ್ಟೋ ವರ್ಷ ಮಕ್ಕಳ ಕಿವಿಗೆ ತುಂಬಿದ್ದೇನೆ, ಒಬ್ಬರ ಮುಖವೂ ಅರಳಿದ್ದಿಲ್ಲ. ಮೊದಲ ಬಾರಿಗೆ ಒಂದು ಮಗು ಆ ನೆಲದ ಮೇಲೆ ನಿಂತು ಮಾತಾಡಿತು. ನನಗಾದದ್ದು ಸಂತೋಷವೆಂದು ಹೇಳಲು ನಾಚಿಕೆಯೇನಿಲ್ಲ.

ನಿಮ್ಮ ಪೋರ್ಟಲಿಗೆ ಮಾತ್ರ ಸಂತೋಷವಾಗಲಿಲ್ಲ, ಸಹಿಯ ಫೋಟೋ ಇಲ್ಲದೆ ಆರನೇ ಹಂತ ತೆರೆಯಲಿಲ್ಲ. ಸಹಾಯವಾಣಿಯಲ್ಲಿದ್ದ ತಮ್ಮ ಸಿಬ್ಬಂದಿ ಬಹಳ ತಾಳ್ಮೆಯಿಂದ, “ಮೇಡಂ, ನಿರಾಕರಣೆಗೆ ಅವಕಾಶ ಇಲ್ಲ. ಆದ್ರೆ ಒಪ್ಪಿಗೆ ಮಕ್ಕಳು ಸ್ವಂತ ಇಷ್ಟದಿಂದಲೇ ಕೊಟ್ಟಿರಬೇಕು,” ಎಂದರು. ಇನ್ನೊಂದು ಸಲ ಹೇಳಿ ಎಂದೆ. ಇನ್ನೊಂದು ಸಲ ಹೇಳಿದರು. ತಮಗೆ ಇದರಲ್ಲಿ ವಿಚಿತ್ರವೇನೂ ಕಾಣದಿದ್ದರೆ ನಾನು ಯಾರ ಹತ್ತಿರ ಹೋಗಿ ಹಣೆ ಚಚ್ಚಿಕೊಳ್ಳಲಿ? ಹೆಡ್ಮಾಸ್ಟರ ಹತ್ತಿರ ಹೋದೆ. ಅವರಿಗೆ ನಿವೃತ್ತಿಗೆ ಮೂರು ತಿಂಗಳಿದೆ. “ಏನಾದ್ರೂ ಮಾಡಿ ಮುಗಿಸಿಬಿಡಿ ತಾಯಿ,” ಎಂದು ಕೈ ಮುಗಿದು, ಫೈಲಿನ ಹಿಂದೆ ಮುಖ ಮರೆಸಿಕೊಂಡರು.

ಇತಿಹಾಸ ತಿರುಚುತ್ತಿದ್ದೇನೆಂದು ತಾವು ಮೂಗು ಮುರಿಯಬಹುದು. ಜಾಗ ಹೋಯಿತು, ನನಗೆ ಗೊತ್ತು. ಎಷ್ಟೋ ಕಡೆ ಕಾಗದದಿಂದ ಹೋಯಿತು, ಎಷ್ಟೋ ಕಡೆ ಕೋವಿಯಿಂದ. ಹೋಯಿತು ಎಂದು ನಾಳೆಯೇ ಬೋರ್ಡಿನ ಮೇಲೆ ಬರೆಯುತ್ತೇನೆ, ಹೇಗೆ ಹೋಯಿತು ಎಂಬುದನ್ನೂ ಬರೆಯುತ್ತೇನೆ. ಆದರೆ ‘ಸಂತೋಷದಿಂದ’ ಎಂಬ ಪದವನ್ನು ಹದಿನಾಲ್ಕು ವರ್ಷದ ಮಗುವಿನ ಕೈ ಹಿಡಿದು ಬರೆಸುವ ಕೆಲಸಕ್ಕೆ ಪಾಠ ಎನ್ನುತ್ತಾರೆಯೇ? ಬೇಡವೆಂದ ಹುಡುಗಿ ಅಸಹಕಾರಿ, ಹಾಗಾದರೆ ಸಹಕಾರಿ ಯಾರು? ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದವರೇ?

ಎರಡನೇ ವಾರಕ್ಕೆ ಕೋಟೆಯೊಳಗೆ ಗೊಣಗಾಟ ಹೆಚ್ಚಾಯಿತು. ಇವಳಿಂದ ನಮ್ಮ ಅಂಕವೂ ಹೋಗುತ್ತದೆ ಎಂದು ಒಂದಿಬ್ಬರು ಅವಳ ಜೊತೆ ಮಾತು ಬಿಟ್ಟರು. ಅವಳ ತಾಯಿ ಊಟದ ಬಿಡುವಿನಲ್ಲಿ ಓಡಿಬಂದರು. ಆಕೆ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವರು, ತೋಳಿನ ತುಂಬ ದಾರದ ಚೂರು ಅಂಟಿತ್ತು.

“ಒಂದ್ ಸೈನ್ ತಾನೆ ಟೀಚರ್, ಬೈದು ಹಾಕಿಸ್ಬಿಡಿ ಅಂತ ಹೇಳೋಕೇ ಬಂದೆ,” ಎಂದು ಶುರು ಮಾಡಿ ತಡೆದರು. “ಮನೇಲೂ ಹಿಂಗೇ ಆಗಿದೆ. ಕಿಟಕಿ ಪಕ್ಕ ಇವಳು ಓದೋ ಜಾಗ ಇದ್ಯಲ್ಲ, ‘ಅದು ನನ್ ಮಗನಿಗೆ ಬೇಕು’ ಅಂದ್ರು ಇವಳ ದೊಡ್ಡಮ್ಮ. ಇವಳು, ‘ದೊಡ್ಡಮ್ಮ, ಅಣ್ಣ ಬಂದು ಪಕ್ಕದಲ್ಲಿ ಕೂತ್ಕೊಳ್ಲಿ, ಜಾಗ ಮಾತ್ರ ನಂದು’ ಅಂದ್ಬಿಟ್ಲು. ಬೈಯೋಣ ಅಂತ ಬಾಯಿ ತೆಗೆದೆ. ಬೈಯೋಕಾಗ್ಲಿಲ್ಲ ಟೀಚರ್. ನಾನು ಒಂದ್ ದಿನ ಆದ್ರೂ ಹಂಗೆ ಅಂದಿದ್ರೆ…” ಅಷ್ಟರಲ್ಲಿ ಕಾರ್ಖಾನೆಯ ಗಂಟೆಯ ಹೊತ್ತಾಯಿತೆಂದು ಎದ್ದರು. ಬಾಗಿಲಲ್ಲಿ ನಿಂತು, “ಫೇಲ್ ಮಾತ್ರ ಮಾಡ್ಬೇಡಿ,” ಎಂದರು.

ನುಂಗಲೂ ಆಗದೆ ಉಗುಳಲೂ ಆಗದೆ ಕೂತೆ. ಕಡೆಗೆ ಮೊನ್ನೆ ಮಂಗಳವಾರ ನನ್ನ ಧೈರ್ಯ ಕೈಕೊಟ್ಟಿತು. ಹುಡುಗಿಯನ್ನು ಶಿಕ್ಷಕರ ಕೊಠಡಿಗೆ ಕರೆಸಿ, ಮೇಜಿನ ಮೇಲೆ ಪತ್ರವಿಟ್ಟು, “ಹಾಕಿಬಿಡಮ್ಮ, ಮುಗಿದುಹೋಗಲಿ,” ಎಂದೆ. ಅವಳು ನನ್ನ ಮುಖ ನೋಡಿದಳು. ತಲೆ ತಗ್ಗಿಸಿದಳು. “ಹೂಂ,” ಎಂದಳು. ಪೆನ್ನಿನ ಮುಚ್ಚಳ ತೆಗೆದಳು.

ಆ ಒಂದು ಸದ್ದು ನನ್ನನ್ನು ಕೊಂದಿತು. ಮೂರು ವಾರ ಬೆಳೆದ ಹುಡುಗಿ ನನ್ನ ಒಂದು ಮಾತಿಗೆ ಮತ್ತೆ ಮೊದಲಿನ ಹೂಂ ಆಗಿ ಕೂತಿದ್ದಳು. ಪತ್ರವನ್ನು ಅವಳ ಕೈಯಿಂದ ಎಳೆದುಕೊಂಡೆ. “ಬೇಡ. ನಿನಗೆ ಏನನಿಸುತ್ತೋ ಅದನ್ನ ಮಾಡು,” ಎಂದೆ. ಅವಳು ಸ್ಕೇಲು ಕೇಳಿದಳು. ‘ಒಪ್ಪಿದ್ದೇವೆ’ ಖಾನೆಯ ಕೆಳಗೆ ಅಷ್ಟೇ ಅಳತೆಯ ಇನ್ನೊಂದು ಖಾನೆ ಎಳೆದು, ಪಕ್ಕದಲ್ಲಿ ‘ಒಪ್ಪಿಲ್ಲ’ ಎಂದು ಬರೆದು, ಅದರಲ್ಲಿ ಸಹಿ ಹಾಕಿದಳು. ಆ ಫೋಟೋವನ್ನೇ ಏರಿಸಿದೆ. ‘ನಮೂನೆಯನ್ನು ವಿರೂಪಗೊಳಿಸಲಾಗಿದೆ’ ಎಂದು ಮರುದಿನ ಅದು ಹಿಂದಕ್ಕೆ ಬಂತು, ಬೆನ್ನಿಗೇ ಶುಕ್ರವಾರದ ಆದೇಶ.

ನನ್ನ ಬೇಡಿಕೆ ದೊಡ್ಡದೇನಲ್ಲ. ಅವಳ ಕಾಗದವನ್ನು ಐದನೇ ಹಂತದ ಸರಿಯಾದ ಉತ್ತರವೆಂದು ಸ್ವೀಕರಿಸಿ, ಅಂಕ ಕೊಡಿ. ಮುಂದಿನ ವರ್ಷದ ಪೆಟ್ಟಿಗೆಯಲ್ಲಿ ಆ ಎರಡನೇ ಖಾನೆಯನ್ನು ನೀವೇ ಅಚ್ಚು ಹಾಕಿಸಿ. ನಮ್ಮ ಕೋಟೆ ಬಿಚ್ಚಲು ಅನುಮತಿ ಕೊಡಿ, ಲೆಕ್ಕದ ಮೇಷ್ಟ್ರ ಮಂಡಿ ಮೊದಲಿನಂತಿಲ್ಲ. ಇದಾವುದೂ ಆಗದೆಂದಾದರೆ ತಾವೇ ಒಂದು ದಿನ ಬನ್ನಿ. ಮಣಿಯ ಡಬ್ಬಿ ಇಲ್ಲೇ ಇದೆ. ಹಿಂದಿನ ಬೆಂಚಿನವರೆಗೆ ನಡೆದುಹೋಗಿ, ಅವಳನ್ನು ಒಪ್ಪಿಸಿ ನೋಡಿ.

ಕೊನೆಯದಾಗಿ, ಅವಳನ್ನು ಅಸಹಕಾರಿ ಎಂದು ದೃಢೀಕರಿಸುವ ವರದಿಗೆ ನನ್ನ ಸಹಿ ಬೇಕೆಂದು ತಾವು ಕಳಿಸಿದ ನಮೂನೆ ನನ್ನ ಮುಂದಿದೆ. ಅದರಲ್ಲೂ ಇರುವುದು ಒಂದೇ ಖಾನೆ, ‘ಒಪ್ಪಿದ್ದೇನೆ’. ಕೆಲಸಕ್ಕೆ ಸೇರಿದಾಗಿನಿಂದ ನೀವು ಕಳಿಸಿದ ಪ್ರತಿ ನಮೂನೆಯಲ್ಲೂ ಅದೊಂದೇ ಇತ್ತು, ಪ್ರತಿ ಸಲವೂ ನಾನು ಓದದೆ ಸಹಿ ಹಾಕಿದ್ದೇನೆ. ಈ ಸಲ ಹುಡುಗಿಯ ಹತ್ತಿರ ಸ್ಕೇಲು ಕೇಳಿ ಪಡೆದೆ. ಕೆಳಗೆ ಇನ್ನೊಂದು ಖಾನೆ ಎಳೆದು, ಅದರಲ್ಲಿ ಸಹಿ ಹಾಕಿ, ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಗೆರೆ ಸ್ವಲ್ಪ ಸೊಟ್ಟಗಾಗಿದೆ, ಮನ್ನಿಸಬೇಕು. ನನಗೆ ಅಭ್ಯಾಸವಿಲ್ಲ.

ಇಂತಿ,
ಇಷ್ಟು ವರ್ಷ ನಿಮಗೆ ಹೂಂ ಎನ್ನುತ್ತಲೇ ಬಂದ,
ಐದನೇ ಹಂತದಲ್ಲಿ ಸಿಕ್ಕಿಕೊಂಡಿರುವ ಗವರ್ನರ್,
ಇಸವಿ ಟೀಚರ್