ಒರೆಸಿದ ಚಾಕು

ಶನಿವಾರ, ರಾತ್ರಿ ಒಂದೂವರೆ.

ನಾಳೆ ಫೈನಲ್ ಮ್ಯಾಚ್ ನೋಡಲು ಇವರ ಆಫೀಸಿನ ಹತ್ತು ಜನ ಮನೆಗೆ ಬರುತ್ತಾರೆ. ಸುಲಭ, ಎಲ್ಲರಿಗೂ ಇಷ್ಟ ಅಂತ ಸಂಜೆಯೇ ಸ್ಯಾಂಡ್‌ವಿಚ್ ಮಾಡಿ ಫ್ರಿಜ್ಜಿನಲ್ಲಿಟ್ಟೆ. ಅರ್ಧ ಪೀನಟ್ ಬಟರ್‌ದು. ಇನ್ನರ್ಧ ಬೆಣ್ಣೆ ಸವರಿ ಚೀಸು, ಸೌತೆಕಾಯಿ. ಅದು ಮ್ಯಾನೇಜರ್ ಮಗಳಿಗೋಸ್ಕರ. ಕಡಲೆಕಾಯಿ ಸೋಕಿದರೂ ಆ ಹುಡುಗಿಗೆ ಗಂಟಲು ಊದಿಕೊಳ್ಳುತ್ತದಂತೆ.

ಮಲಗಿದ ಮೇಲೆ ಹೊಳೆಯಿತು, ಎರಡಕ್ಕೂ ಬಳಸಿದ್ದು ಒಂದೇ ಚಾಕು. ಪಾಪು ಸೊಂಟದ ಮೇಲಿತ್ತು, ಸಿಂಕಿನ ತನಕ ಹೋಗಲಾಗದೆ ಅದರ ಜೊಲ್ಲುಬಟ್ಟೆಯಲ್ಲೇ ಒರೆಸಿಕೊಂಡಿದ್ದೆ.

ಇವರನ್ನು ಎಬ್ಬಿಸಿದೆ. "ಒರೆಸಿದ್ದೀಯಲ್ಲ, ಬಿಡೇ. ಹಗ್ಗ ಕಂಡ್ರೂ ಹಾವು ಅಂತೀಯ" ಎಂದು ಮಗ್ಗುಲಾದರು. ಇರಬಹುದು. ಆದರೆ ಹುಡುಗಿಯ ಅಮ್ಮ ನಿನ್ನೆ ಫೋನಿನಲ್ಲಿ, "ಅವಳನ್ನ ಎಲ್ಲೂ ಕಳಿಸಲ್ಲ ಕಣ್ರೀ. ನಿಮ್ಮನೇಲೂ ಮಗು ಇದೆ, ಅದಕ್ಕೇ ಧೈರ್ಯ" ಅಂದಿದ್ದರು. ಆ ಮಾತು ಎದೆಯ ಮೇಲೆ ಕೂತುಬಿಟ್ಟಿದೆ, ಏಳುತ್ತಿಲ್ಲ.

ಎದ್ದು ಎರಡೂ ಡಬ್ಬ ಕಸಕ್ಕೆ ಸುರಿದೆ. ಬೆಳಿಗ್ಗೆ ಇವರು ನಕ್ಕರೆ ನಗಲಿ. ಹೊಸ ಬ್ರೆಡ್ಡು ತಂದು ಎಲ್ಲರಿಗೂ ಚೀಸಿನದೇ ಮಾಡುತ್ತೇನೆ. ಚಾಕು, ಹಲಗೆ ಎರಡನ್ನೂ ಮೂರು ಸಲ ತೊಳೆದಿದ್ದೇನೆ. ಇನ್ನಾದರೂ ನಿದ್ದೆ ಬರಬೇಕು.

ಬೆಣ್ಣೆಯ ಡಬ್ಬಿಗೂ ಅದೇ ಚಾಕು ಅದ್ದಿದ್ದೆನಾ