ಬರ್ತೀನಿ ಅಂದರೆ ತೆರೆಯದ ಬಾಗಿಲು

ತೇಲುಛತ್ರ,
ಕಕ್ಷೆಯ ವರ್ಷ ೨೧೭, ಹದಿಮೂರನೆಯ ತಿಂಗಳ ನಲವತ್ತನೆಯ ದಿನ, ಒಂಬತ್ತನೆಯ ಸೂರ್ಯೋದಯ

ನನಗಿಂತ ಬಹಳ ಮೊದಲು ಬದುಕಿದ ಹಿರಿಯರೇ,

ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಅನ್ನಬೇಡಿ. ಇಲ್ಲಿ ದಿನಕ್ಕೆ ಹದಿನಾರು ಸಲ ಹೊತ್ತು ಹುಟ್ಟುತ್ತದೆ. ಪಂಚಾಂಗದವರು ಸಾಕಾಗಿ ನಮಗೊಂದು ಉದ್ದನೆಯ ಹೆಚ್ಚುವರಿ ತಿಂಗಳು ಕೊಟ್ಟು ಕೈತೊಳೆದುಕೊಂಡರು. ನಿಮಗೆ ತಿಳಿಯದ ಮಾತುಗಳು ಈ ಕಾಗದದಲ್ಲಿ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಪಂಪಕ್ಕ, ಹೊಸಪೇಟೆಯವಳು, ವಯಸ್ಸು ಐವತ್ತನಾಲ್ಕು. ಭೂಮಿಯ ಸುತ್ತ ತಿರುಗುವ ಈ ಪ್ರವಾಸಿಗರ ಛತ್ರದಲ್ಲಿ ಬಾಗಿಲು ಕಾಯುವುದು ನನ್ನ ಕೆಲಸ.

ನಿಮ್ಮ ಕಾಲದಲ್ಲಿ ಆಕಾಶಕ್ಕೆ ಬರುತ್ತಿದ್ದವರು ಕುಬೇರರು ಮಾತ್ರವಂತೆ. ಈಗ ಮದುವೆಯ ದಿಬ್ಬಣ ಬರುತ್ತದೆ, ಅರವತ್ತು ತುಂಬಿದವರ ಶಾಂತಿ ನಡೆಯುತ್ತದೆ, ಕಿಟಕಿ ಪಕ್ಕದ ಜಾಗಕ್ಕಾಗಿ ಬೀಗರು ಬೀಗರು ಮುನಿಸಿಕೊಳ್ಳುತ್ತಾರೆ. ಅವಲಕ್ಕಿ, ಚಟ್ನಿಪುಡಿ ಇಲ್ಲಿ ನಿಷಿದ್ಧ, ಹಾರಿ ಕಣ್ಣಿಗೆ ಬೀಳುತ್ತವೆ. ಎಲ್ಲವನ್ನೂ ಉಂಡೆ ಕಟ್ಟಿಯೇ ಕೊಡುತ್ತೇವೆ. ಹೋದ ವರ್ಷ ಒಬ್ಬ ಮಹಾನುಭಾವ ಕದ್ದು ತಂದ ತೆಂಗಿನಕಾಯಿ ಒಡೆದ. ನೀರು ಮುತ್ತುಮುತ್ತಾಗಿ ಊಟದ ಮನೆಯ ತುಂಬ ತೇಲಿತು. ಬೈಯಲು ಬಂದ ನಾನು ಬಾಯಿ ತೆರೆದೆ, ಒಂದು ಮುತ್ತು ತಾನಾಗಿ ಒಳಗೆ ಹೋಯಿತು, ಬೈಗುಳ ಮರೆತೇಹೋಯಿತು. ಕೆಳಗೆ ತುಂಗಭದ್ರೆ ನೂಲಿನೆಳೆಯಷ್ಟಾಗಿ ಮಿನುಗುತ್ತಾಳೆ. ನಮ್ಮೂರು ಎಲ್ಲಿ ಎಂದು ಬೆರಳಿಡುವಷ್ಟರಲ್ಲಿ ಕಡಲು ಬಂದಿರುತ್ತದೆ.

ಜನ ಹೆಚ್ಚಿದಂತೆ ಪಾಡೂ ಹೆಚ್ಚಿದೆ. ಮುರಿದ ಹಳೆಯ ನೌಕೆಗಳ ಚೂರುಗಳು ನಮ್ಮ ಸುತ್ತ ಹಾರುತ್ತಿರುತ್ತವೆ, ಅದಕ್ಕೆ ಚೂರುಮಳೆ ಎನ್ನುತ್ತೇವೆ. ಅದು ಹಿಡಿದರೆ, ಜನರನ್ನು ಕೆಳಗೊಯ್ಯುವ ಇಳಿದೋಣಿ ತಿಂಗಳುಗಟ್ಟಲೆ ನಿಲ್ಲುತ್ತದೆ. ತೂಕವಿಲ್ಲದೆ ತೇಲಿ ತೇಲಿ ಮೂಳೆ ಟೊಳ್ಳಾಗುತ್ತದೆ, ಎದೆ ಸೋಮಾರಿಯಾಗುತ್ತದೆ. ಹಾಗಾಗಿ ಎಪ್ಪತ್ತು ದಾಟಿದವರಿಗೆ ಹದಿನಾಲ್ಕೇ ದಿನದ ವಾಸ. ನಮ್ಮಂಥ ಕೆಲಸದವರು ಎರಡು ವರ್ಷಕ್ಕೊಮ್ಮೆ ಭೂಮಿಗಿಳಿದು ಮೈಯಲ್ಲಿ ಕಸುವು ತುಂಬಿಸಿಕೊಂಡು ಬರಬೇಕು.

ಇಳಿದೋಣಿಯ ಬಾಗಿಲಿಗೆ ಕಿವಿ, ಬಾಯಿ ಎರಡೂ ಇವೆ. ಯಾರನ್ನೂ ಬಲವಂತವಾಗಿ ಕಳಿಸಬಾರದೆಂಬ ಕಾನೂನು ಇರುವುದರಿಂದ, ಅದು ಒಬ್ಬೊಬ್ಬರನ್ನೂ ಕೇಳುತ್ತದೆ. ಅವರವರ ದನಿಯಲ್ಲೇ "ಹೋಗ್ತೀನಿ" ಎಂಬ ಮಾತು ಬರಬೇಕು. ಮೂರು ಸಲಕ್ಕೂ ಬರದಿದ್ದರೆ ಆ ಜಾಗ ಕಾಯುತ್ತಿರುವ ಮುಂದಿನವರ ಪಾಲು. ನಮ್ಮವರು ಹೆಚ್ಚಿನವರು ಬಾಗಿಲಿಗಾಗಿ ಆ ಮಾತು ಆಡಿ, ನಾಲಿಗೆ ಕಚ್ಚಿಕೊಂಡು ದೋಣಿ ಹತ್ತುತ್ತಾರೆ.

ಮೂರು ವರ್ಷದ ಹಿಂದೆ ಇಳಕಲ್ಲಿನ ನೇಕಾರರ ಸಂಘದಿಂದ ನಿಂಬೆವ್ವ ಎಂಬ ಎಪ್ಪತ್ತೆಂಟರ ಮುದುಕಿ ಬಂದಳು. ಹದಿನಾಲ್ಕು ದಿನವೂ ಕಿಟಕಿಗೆ ಹಣೆಯೊತ್ತಿ ಕೂತಳು, ಮೋಡಗಳ ಅಂಚಿನ ಬಣ್ಣಗಳಿಗೆ ಒಂದೊಂದೇ ಹೆಸರಿಟ್ಟಳು. ಹೊರಡುವ ದಿನ ವೈದ್ಯರು ನನ್ನನ್ನು ಬದಿಗೆ ಕರೆದು, ಈ ದೋಣಿ ತಪ್ಪಿದರೆ ಮುಂದಿನದಕ್ಕೆ ಇಪ್ಪತ್ತು ದಿನ, ಅಷ್ಟರಲ್ಲಿ ಆಕೆಯ ಎದೆ ಭೂಮಿಯ ಭಾರ ತಡೆಯಲಾರದು ಎಂದರು.

"ಹೊರಡುವಿರಾ?" ಎಂದಿತು ಬಾಗಿಲು.

"ಬರ್ತೀನವಾ," ಎಂದಳು ನಿಂಬೆವ್ವ, ಕೈಮುಗಿದು.

"ಸುಸ್ವಾಗತ. ನಿಮಗೆ ಕೋಣೆ ಬೇಕೆ?"

ಎರಡನೆಯ ಸಲ ನಾನು ಹೇಳಿಕೊಟ್ಟಂತೆ "ಹೋಗಿ ಬರ್ತೀನಿ" ಎಂದಳು. ಬಾಗಿಲು ಕೊನೆಯ ಮಾತನ್ನಷ್ಟೇ ಹಿಡಿದು ಮತ್ತೆ ಸ್ವಾಗತಿಸಿತು. "ಆಯಿ, ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದ್ಸಲ ಹೋಗ್ತೀನಿ ಅನ್ನು," ಎಂದು ಗೋಗರೆದೆ.

"ಬಿಡ್ತು ಅನ್ನ! ನನ್ನ ತಮ್ಮ ಸಿಟ್ಟಿನಾಗ ಹೋಗ್ತೀನಿ ಅಂದು ಹೊಸ್ತಿಲಾ ದಾಟಿದಾವ ತಿರುಗಿ ಬರಲಿಲ್ಲ. ಈ ಕದಕ್ಕ ಬುದ್ಧಿ ಇಲ್ಲಂದ್ರ ನನಗೂ ಇಲ್ಲೇನು?"

ಮೂರನೆಯ ಸಲವೂ ಬರ್ತೀನಿ ಎಂದಳು. ಜಾಗ ಹೋಯಿತು. ಎಂಥ ಹಠಮಾರಿ! ನನ್ನ ಮೈಯೆಲ್ಲ ಉರಿಯಿತು. ಆದರೆ ತಪ್ಪು ಅವಳದಲ್ಲ. ಆ ಬಾಗಿಲಿಗೆ ಕನ್ನಡ ಕಲಿಸಿದವರು ಕಾನೂನು ಓದಿಸಿದ್ದರು, ಜಾಹೀರಾತು ಓದಿಸಿದ್ದರು. ಹೊಸ್ತಿಲಲ್ಲಿ ನಿಂತು ನಾವು ಏನೆನ್ನುತ್ತೇವೆ ಎಂದು ಯಾರೂ ಅದಕ್ಕೆ ಕೇಳಿಸಿರಲಿಲ್ಲ.

ಅದೇ ದೋಣಿಯಲ್ಲಿ ನನಗೂ ಜಾಗವಿತ್ತು. ಅದು ನನ್ನ ಮೊದಲ ಇಳಿತ. ಎರಡು ವರ್ಷಕ್ಕೆ ಇಳಿಯಬೇಕಾದವಳು ಕೆಲಸ ಕೆಲಸ ಎಂದು ಮೂರು ವರ್ಷ ತಳ್ಳಿದ್ದೆ. ನನ್ನ ಸರದಿ ಬಂದಾಗ "ಹೋಗ್ತೀನಿ" ಎಂದೆ. ಹುಟ್ಟಿದಾಗಿನಿಂದ ಆಡದ ಮಾತು ಅದು. ಬಾಗಿಲು ತೆರೆಯಿತು. ಅದು ತಲೆ ಎಣಿಸುತ್ತದೆ, ಮುಖ ನೋಡುವುದಿಲ್ಲ. ನಿಂಬೆವ್ವನ ಬೆನ್ನಿಗೆ ಕೈಕೊಟ್ಟು ಒಳಗೆ ನೂಕಿದೆ. "ಏ ಪಂಪಾ, ಹಂಗ ಅನಬಾರದಾಗಿತ್ತವಾ!" ಎಂದು ಕೂಗುತ್ತಲೇ ಅವಳು ತೇಲಿ ಹೋದಳು.

ಅವಳು ಸುಖವಾಗಿ ಇಳಿದಳು. ಅದಾದ ವಾರಕ್ಕೇ ಚೂರುಮಳೆ ಹಿಡಿದು ಐದು ತಿಂಗಳು ದೋಣಿ ಬರಲಿಲ್ಲ.

ಹಿರಿಯರೇ, ನೀವು ಯಂತ್ರಗಳಿಗೆ ಕನ್ನಡ ಕಲಿಸಲು ಶುರುಮಾಡಿದ ಕಾಲದವರೆಂದು ಕೇಳಿದ್ದೇನೆ. ದೊಡ್ಡ ಮನಸ್ಸು ಮಾಡಿ ಅವನ್ನು ಒಂದು ಸಂಜೆ ನಿಮ್ಮ ಮನೆಗೆ ಕರೆದು ಕೂರಿಸಿ. ನೆಂಟರು ಎದ್ದು, ಮತ್ತೆ ಕೂತು, ಮತ್ತೆ ಎದ್ದು, ಕುಂಕುಮ ಇಡಿಸಿಕೊಂಡು, ಬಾಗಿಲಲ್ಲಿ ಅರ್ಧ ಗಂಟೆ ಮಾತಾಡಿ, ಕೊನೆಗೆ "ಬರ್ತೀವಿ" ಎಂದು ಹೊರಟುಹೋಗುವುದನ್ನು ಅವು ಕಿವಿಯಾರೆ ಕೇಳಲಿ. ಇಷ್ಟು ಮಾಡಿದರೆ ಸಾಕು.

ನಿಂಬೆವ್ವನಿಗೆ ಈಗ ಎಂಬತ್ತೊಂದು. ಪ್ರತಿ ಸೋಮವಾರ ಕೆಳಗಿನಿಂದ ಮಾತಾಡುತ್ತಾಳೆ. "ನಿನಗಂತ ಸೀರಿ ನೇಯಾಕತ್ತೀನಿ. ಸೆರಗ ಕೂಡಸೂದೊಂದ ಉಳದೈತಿ. ಯಾವಾಗ ಬರ್ತಿ?" ಎನ್ನುತ್ತಾಳೆ. ನಾನು ಬಣ್ಣ ಯಾವುದು ಎನ್ನುತ್ತೇನೆ, ಅಂಚು ಎಷ್ಟಗಲ ಎನ್ನುತ್ತೇನೆ. ಚೂರುಮಳೆ ನಿಂತ ಮೇಲೆ ನನ್ನ ಮೂಳೆ ನೋಡಿದ ವೈದ್ಯರು, ಇನ್ನು ನೀವು ಇಳಿಯುವ ಹಾಗೇ ಇಲ್ಲ ಎಂದು ಬರೆದುಕೊಟ್ಟು ಎರಡು ವರ್ಷದ ಮೇಲಾಯಿತು. ಅವಳಿಗೆ ನಾನಿನ್ನೂ ಹೇಳಿಲ್ಲ.