ಎಡಗೈಗೆ ಮಾಡಿಸಿದ ಚಾಕು

ಅಕ್ಕಾ,

ನಿನಗೆ ಅಂತ ಹೇಳಿ ಮಾಡಿಸಿದ್ದ ಮಡಚೋ ಚಾಕು ಇವತ್ತು ಬಂತು, ನಿನ್ನನ್ನ ಮಣ್ಣು ಮಾಡಿ ತಿಂಗಳಾದ ಮೇಲೆ. ಕರಿಮರದ ಹಿಡಿ, ಬೆಣ್ಣೆಯಷ್ಟು ನುಣುಪು. ಬಿಚ್ಚುವಾಗ ಸದ್ದೇ ಇಲ್ಲ, ಕೊನೆಗೆ ಮಾತ್ರ ಸಣ್ಣಗೆ 'ಟಕ್' ಅನ್ನುತ್ತೆ. ಇಷ್ಟು ಚೆಂದದ ವಸ್ತುವನ್ನ ನೋಡಿ ಇಷ್ಟು ಸಂಕಟ ಆಗುತ್ತೆ ಅಂತ ಗೊತ್ತಿರಲಿಲ್ಲ.

ಗುಲಾಬಿಗೆ ಕಸಿ ಕಟ್ಟೋ ಚಾಕುವಿನ ಅಲಗಿಗೆ ಒಂದೇ ಮಗ್ಗುಲು ಸಾಣೆ, ಅದೂ ಬಲಗೈಯವರಿಗೆ ಒಪ್ಪೋ ಹಾಗೆ. ಎಡಚಿಯಾದ ನೀನು ನರ್ಸರಿಯಲ್ಲಿ ಜೀವಮಾನವೆಲ್ಲ ಅದರ ಜೊತೆ ಗುದ್ದಾಡಿದೆ. "ನನ್ನ ಕೈಗೆ ಚಾಕು ಮಾಡೋನು ಇನ್ನೂ ಹುಟ್ಟಿಲ್ಲ ಬಿಡೇ" ಅಂತ ನಗ್ತಿದ್ದೆ. ಹುಟ್ಟಿದ್ದ ಕಣೇ. ಕೆಲಸ ಮಾತ್ರ ಬಲು ನಿಧಾನ.

ಭಾವ ಪೆಟ್ಟಿಗೆ ನೋಡಿ, "ನಮಗ್ಯಾಕಮ್ಮ ಇದು? ವಾಪಸ್ ಕಳಿಸಿಬಿಡು" ಅಂದರು. ಅಂದವರು ಅದನ್ನ ಕೈಗೆ ತಗೊಂಡು, ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ, ಎಷ್ಟು ಕೇಳಿದರೂ ಕೊಡಲೇ ಇಲ್ಲ.

ಆಮೇಲೆ ನಿನ್ನ ಗುಲಾಬಿ ಕುಂಡದ ಮುಂದೆ ಕೂತು, ಒಂದು ಕಡ್ಡಿಗೆ ಓರೆ ಕಚ್ಚು ಹಾಕೋಕೆ ನೋಡಿದರು. ಅಲಗು ಅಡ್ಡಾದಿಡ್ಡಿ ಹೋಗಿ ಕಡ್ಡಿ ಸೀಳಿತು. ನಾನು ಹಿಡಿದೆ, ನನ್ನದೂ ಅದೇ ಹಾಡು. ಅಮ್ಮ ಬಂದು ನೋಡಿ, ಸೀಳಿದ ಕಡ್ಡಿಗಳನ್ನ ಆಯ್ದುಕೊಂಡು ಒಳಗೆ ಹೋದಳು.

ಈ ಮನೇಲಿ ಈಗ ಇರೋರೆಲ್ಲ ಬಲಗೈಯವರೇ, ಅಕ್ಕಾ.